ಕಡಲಿಗೊಂದು ಬಿತ್ತುವಟ್ಟ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೊಳಗೊಂಡ ನಮ್ಮ ಸೀಮೆಗೆ ತೆಂಗಿನ ನಾಡೆಂದು ಹೆಸರು. ತೆಂಗೆಂದ ಕೂಡಲೇ ಹೊರಗಿನವರ ಕಣ್ಣಿಗೆ ಕಟ್ಟುವುದು ಕಡಲತೀರ. ನಮ್ಮಲ್ಲಿಯಾದರೋ ತೋಟವುಂಟು, ಕಡಲಿಲ್ಲ. ಅರಬ್ಬೀ ಸಮುದ್ರಕ್ಕೂ ನಮಗೂ ನಡುವೆ ನೂರೈವತ್ತು ಕಿಲೋಮೀಟರಿಗೂ ಮಿಕ್ಕ ನೆಲವಿದೆ. ಅದರ ಮೇಲೆ ಪಶ್ಚಿಮಘಟ್ಟದ ಗೋಡೆ ಬೇರೆ. ಹೀಗಿರುವಾಗ ಕಡಲಿನ ರಕ್ಷಣೆಯನ್ನು ಕುರಿತು ಈ ಬಯಲುಸೀಮೆಯವನೊಬ್ಬ, ಅದರಲ್ಲಿಯೂ ಜೀವಮಾನವೆಲ್ಲ ಹಳಗನ್ನಡವನ್ನು ಪಾಠಮಾಡಿದವನು, ಮಾತನಾಡುವುದೇಕೆ ಎಂದು ಶ್ರೋತೃಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು.

ಮೊದಲ ಉತ್ತರ ಸುಲಭ. ನಮ್ಮ ನೀರು ಕಡಲಿನಿಂದ ಬರುತ್ತದೆ, ಕಡಲಿಗೇ ಹೋಗುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಬೋರನಕಣಿವೆಯ ಜಲಾಶಯವನ್ನು ತುಂಬುವ ಸುವರ್ಣಮುಖಿ ಉತ್ತರಕ್ಕೆ ಹರಿದು ವೇದಾವತಿಯನ್ನು ಕೂಡುತ್ತದೆ. ವೇದಾವತಿ ತುಂಗಭದ್ರೆಯನ್ನು, ತುಂಗಭದ್ರೆ ಕೃಷ್ಣೆಯನ್ನು. ತುರುವೇಕೆರೆಯ ಕಡೆಯ ನೀರಾದರೋ ಶಿಂಷೆಯ ಪಾಲಾಗಿ ಕಾವೇರಿಯನ್ನು ಸೇರುತ್ತದೆ. ಒಂದೇ ಸೀಮೆಯಲ್ಲಿ ಬಿದ್ದ ಮಳೆ ಹೀಗೆ ಎರಡು ದಾರಿ ಹಿಡಿದು, ಕೊನೆಗೆ ಬಂಗಾಳ ಕೊಲ್ಲಿಯಲ್ಲಿಯೇ ಒಂದಾಗುತ್ತದೆ. ನಮ್ಮ ಸಂತೆಯಲ್ಲಿ ಬಿಸುಟ ಪ್ಲಾಸ್ಟಿಕ್ ಚೀಲಕ್ಕೂ ಇದೇ ದಾರಿ. ಇನ್ನು ಮುಂಗಾರು ಹಿಂಗಾರುಗಳು ಕಡಲಿನ ಬಿಸಿಯನ್ನು ನೋಡಿಕೊಂಡು ಹೆಜ್ಜೆಯಿಡುವಂಥವು. ಆದುದರಿಂದ ಕಡಲು ಕೆಟ್ಟರೆ ನಮಗೇನು ಎನ್ನುವ ಹಕ್ಕು ತೆಂಗಿನ ತೋಟದವನಿಗಿಲ್ಲ.

ಎರಡನೆಯ ಉತ್ತರವೇ ಇಂದಿನ ಮಾತಿನ ವಿಷಯ. ಈಚಿನ ವರ್ಷಗಳಲ್ಲಿ ಜಗತ್ತಿನ ಅತ್ಯಂತ ದುಬಾರಿ ಸರಕುಗಳನ್ನು ತಯಾರಿಸುವ ಕಂಪನಿಗಳು ಕಡಲನ್ನು ಕಾಯುವ ಧರ್ಮಸಂಸ್ಥೆಗಳೊಡನೆ ಕೈಜೋಡಿಸುತ್ತಿವೆ. ಒಂದು ಕಡೆ ಲಕ್ಷಾಂತರ ರೂಪಾಯಿ ಬೆಲೆಯ ಗಡಿಯಾರ, ಇನ್ನೊಂದು ಕಡೆ ಹವಳದ ದಿಬ್ಬ, ತಿಮಿಂಗಿಲ, ಆಮೆ. ಈ ನಂಟಸ್ತಿಕೆಯನ್ನು ನಾವು ಹೇಗೆ ತಿಳಿಯಬೇಕು? ಇದು ದಾನವೋ, ವ್ಯಾಪಾರವೋ? ಈ ಪ್ರಶ್ನೆಗೆ ನಮ್ಮ ಊರುಗಳ ಕಲ್ಲುಶಾಸನಗಳಲ್ಲಿ ಒಂದು ಅಳತೆಗೋಲು ಇದೆಯೆಂಬುದು ನನ್ನ ನಂಬಿಕೆ. ಅದನ್ನು ತೋರಿಸಿಕೊಡುವುದಷ್ಟೇ ನನ್ನ ಉದ್ದೇಶ.

ಬೆಡಗಿನ ಸರಕೆಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮ ಜಿಲ್ಲೆಯವರಿಗೆ ಗಡಿಯಾರದ ಉದಾಹರಣೆ ಹತ್ತಿರದ್ದು. ಎಚ್.ಎಂ.ಟಿ. ಸಂಸ್ಥೆ ಬೆಂಗಳೂರಿನಲ್ಲಿ ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರದ ತಯಾರಿಕೆಯನ್ನು ಆರಂಭಿಸಿತು; ೧೯೭೮ರಲ್ಲಿ ತುಮಕೂರಿನಲ್ಲಿಯೂ ಅದರ ಕಾರ್ಖಾನೆ ಬಂದಿತು. ಮದುವೆಯ ಗಂಡಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನಿಗೆ, ನಿವೃತ್ತನಾಗುವ ಮೇಷ್ಟರಿಗೆ ಕೊಡುತ್ತಿದ್ದುದು ಅದೇ ಗಡಿಯಾರ. ಆ ಗಡಿಯಾರಗಳ ವಿಭಾಗವನ್ನು ಮುಚ್ಚುವ ನಿರ್ಧಾರ ೨೦೧೬ರಲ್ಲಿ ಆಯಿತು. ಆದರೂ ಎಷ್ಟೋ ಮನೆಗಳಲ್ಲಿ, ನನ್ನ ಮಣಿಕಟ್ಟಿನಲ್ಲಿ ಕೂಡ, ಅದು ಇಂದಿಗೂ ನಡೆಯುತ್ತಿದೆ. ಗಂಟೆ ತೋರಿಸುವುದೇ ಗಡಿಯಾರದ ಕೆಲಸವಾದರೆ ಅದು ಸಾಕು. ಬೆಡಗಿನ ಗಡಿಯಾರದಲ್ಲಿ ಕುಶಲ ಕೆಲಸವುಂಟು, ಬೆಲೆಬಾಳುವ ಲೋಹವುಂಟು. ಆದರೆ ಬೆಲೆಯ ದೊಡ್ಡ ಪಾಲು ಹೆಸರಿನದು. ಕೊಳ್ಳುವವನು ಕಾಲವನ್ನು ತಿಳಿಯುವುದಕ್ಕಾಗಿ ಕೊಳ್ಳುವುದಿಲ್ಲ, ತನ್ನನ್ನು ತಿಳಿಯಪಡಿಸುವುದಕ್ಕಾಗಿ ಕೊಳ್ಳುತ್ತಾನೆ. ಆದುದರಿಂದ ಅಂಥ ಕಂಪನಿಗೆ ಹೆಸರೇ ಬಂಡವಾಳ. ಹೆಸರು ಮಾಸದಂತೆ ನೋಡಿಕೊಳ್ಳುವುದೇ ಅದರ ಬೇಸಾಯ.

ಗಡಿಯಾರದವರಿಗೆ ಕಡಲಿನ ಮೇಲೇಕೆ ಇಷ್ಟು ಪ್ರೀತಿ? ಅದಕ್ಕೆ ಇತಿಹಾಸವಿದೆ. ರೋಲೆಕ್ಸ್ ಕಂಪನಿಯ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್ ೧೯೨೬ರಲ್ಲಿ ನೀರು ಹೊಗದ ಗಡಿಯಾರವನ್ನು ಹೊರತಂದು, ಅದಕ್ಕೆ ಆಯ್‌ಸ್ಟರ್, ಎಂದರೆ ಸಿಂಪಿ, ಎಂದು ಹೆಸರಿಟ್ಟ. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಇಂಗ್ಲಿಷ್ ಈಜುಗಾತಿ ಇಂಗ್ಲಿಷ್ ಕಡಲ್ಗಾಲುವೆಯ ತಣ್ಣೀರಿನಲ್ಲಿ ಗಂಟೆಗಟ್ಟಲೆ ಈಜಿದಾಗ ಆ ಗಡಿಯಾರ ಅವಳ ಜೊತೆಯಲ್ಲಿತ್ತು. ಅದು ನಿಲ್ಲದೆ ನಡೆದುದನ್ನು ಕಂಪನಿ ಲಂಡನ್ನಿನ ಪತ್ರಿಕೆಯ ಮುಖಪುಟದಲ್ಲಿ ಸಾರಿತು. ೧೯೫೩ರಲ್ಲಿ ಬ್ಲಾಂಪ್ಯಾಂ ಎಂಬ ಮತ್ತೊಂದು ಸ್ವಿಸ್ ಕಂಪನಿ ಮುಳುಗುಗಾರರಿಗೆಂದೇ ‘ಐವತ್ತು ಮಾರು’ ಎಂಬ ಅರ್ಥದ ಹೆಸರಿನ ಗಡಿಯಾರವನ್ನು ಮಾಡಿತು. ಇಂದಿನ ಲೆಕ್ಕದಲ್ಲಿ ಆ ಆಳ ಸುಮಾರು ೯೧ ಮೀಟರು. ೧೯೬೦ರ ಜನವರಿ ೨೩ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಎಂಬಿಬ್ಬರು ಟ್ರಿಯೆಸ್ಟ್ ಎಂಬ ಮುಳುಗುನಾವೆಯಲ್ಲಿ ಮರಿಯಾನಾ ಕಂದಕದ ತಳಕ್ಕೆ, ಹತ್ತು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ, ಇಳಿದಾಗ ನಾವೆಯ ಹೊರಮೈಗೆ ಒಂದು ರೋಲೆಕ್ಸ್ ಗಡಿಯಾರವನ್ನು ಕಟ್ಟಲಾಗಿತ್ತು. ಮೇಲೆ ಬಂದಾಗ ಅದು ನಡೆಯುತ್ತಲೇ ಇತ್ತು. ಕಡಲು ಈ ಕಂಪನಿಗಳಿಗೆ ಮೊದಲು ಪರೀಕ್ಷೆಯ ಕಣವಾಗಿ, ಆಮೇಲೆ ಕೀರ್ತಿಯ ರಂಗವಾಗಿ ಒದಗಿತು. ಈಗ ಆ ರಂಗವೇ ಕುಸಿಯುತ್ತಿರುವಾಗ ಅದನ್ನು ಕಾಪಾಡುವವರೊಡನೆ ನಿಲ್ಲುವುದು ಅವಕ್ಕೆ ಸಹಜವೂ ಹೌದು, ಲಾಭವೂ ಹೌದು.

ಒಂದೆರಡು ನಿದರ್ಶನಗಳನ್ನು ನೋಡೋಣ. ಅಮೆರಿಕದ ಸಿಲ್ವಿಯಾ ಅರ್ಲ್ ಕಡಲ ಸಸ್ಯಗಳ ವಿದುಷಿ. ೧೯೭೯ರಲ್ಲಿ ಹವಾಯಿಯ ಬಳಿ ಲೋಹದ ಅಂಗಿಯಂಥ ಕವಚವನ್ನು ತೊಟ್ಟು ೩೮೧ ಮೀಟರು ಆಳದ ಕಡಲ ನೆಲದಮೇಲೆ ನಡೆದಾಡಿದವರು. ೧೯೮೨ರಿಂದಲೂ ರೋಲೆಕ್ಸ್ ಕಂಪನಿಯೊಡನೆ ಅವರ ಸಂಬಂಧವಿದೆ. ೨೦೦೯ರಲ್ಲಿ ಅವರು ‘ಮಿಷನ್ ಬ್ಲೂ’ ಎಂಬ ಸಂಸ್ಥೆಯನ್ನು ಕಟ್ಟಿದರು. ಕಾಪಾಡಲೇಬೇಕಾದ ಕಡಲ ಭಾಗಗಳನ್ನು ಗುರುತಿಸಿ, ಅವಕ್ಕೆ ‘ಹೋಪ್ ಸ್ಪಾಟ್’, ಎಂದರೆ ಭರವಸೆಯ ತಾಣ, ಎಂದು ಹೆಸರಿಟ್ಟು, ಜನರ ಹಾಗೂ ಸರಕಾರಗಳ ಗಮನವನ್ನು ಸೆಳೆಯುವುದು ಅದರ ಕೆಲಸ. ೨೦೧೪ರಿಂದ ರೋಲೆಕ್ಸ್ ಆ ಸಂಸ್ಥೆಗೆ ಬೆಂಬಲವಾಗಿ ನಿಂತಿದೆ. ಅಂದು ಐವತ್ತರಷ್ಟಿದ್ದ ತಾಣಗಳ ಸಂಖ್ಯೆ ಈಗ ನೂರೈವತ್ತನ್ನು ಮೀರಿದೆ. ಬ್ಲಾಂಪ್ಯಾಂ ಕಂಪನಿಯಾದರೋ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ‘ಪ್ರಿಸ್ಟೀನ್ ಸೀಸ್’ ಎಂಬ ಕಡಲ ಸಂಶೋಧನೆಯ ಯೋಜನೆಗೆ ನೆರವಿತ್ತಿತು. ಅಲ್ಲದೆ ೨೦೧೪ರಲ್ಲಿಯೂ ೨೦೧೬ರಲ್ಲಿಯೂ ೨೫೦ ಗಡಿಯಾರಗಳ ಒಂದೊಂದು ವಿಶೇಷ ತಂಡವನ್ನು ಮಾಡಿ, ಮಾರಾಟವಾದ ಪ್ರತಿ ಗಡಿಯಾರಕ್ಕೂ ಸಾವಿರ ಯೂರೋ ಹಣವನ್ನು ಕಡಲಿನ ಕಾರ್ಯಕ್ಕೆ ಕೊಡುವುದಾಗಿ ಸಾರಿತು. ತಂಡವೊಂದಕ್ಕೆ ಎರಡೂವರೆ ಲಕ್ಷ ಯೂರೋ ಆಯಿತು.

ಇಂಥ ಒಪ್ಪಂದದಲ್ಲಿ ಯಾರು ಯಾರಿಗೆ ಏನನ್ನು ಕೊಡುತ್ತಾರೆ? ಧರ್ಮಸಂಸ್ಥೆಗೆ ಹಣ ಸಿಗುತ್ತದೆ, ಹಡಗು ಸಿಗುತ್ತದೆ, ತನ್ನಿಂದ ಮುಟ್ಟಲಾಗದ ಕಿವಿಗಳನ್ನು ಮುಟ್ಟುವ ಪ್ರಚಾರ ಸಿಗುತ್ತದೆ. ಕಂಪನಿಗೆ ಸಿಗುವುದು ಮಾರುಕಟ್ಟೆಯಲ್ಲಿ ದೊರೆಯದ ಒಂದು ಪದಾರ್ಥ: ಪುಣ್ಯದ ಹೊಳಪು. ಸಾವಿರಾರು ಯೂರೋ ಕೊಟ್ಟು ಗಡಿಯಾರ ಕೊಂಡವನ ಮನಸ್ಸಿನ ಅಳುಕನ್ನೂ ಆ ಹೊಳಪು ತುಸು ಮರೆಸುತ್ತದೆ. ಎರಡು ಪಕ್ಷಗಳೂ ಪಡೆಯುತ್ತವೆ, ಎರಡೂ ಕೊಡುತ್ತವೆ. ಆದುದರಿಂದ ಇದನ್ನು ಬರಿಯ ದಾನವೆನ್ನುವುದೂ ಸಲ್ಲದು, ಬರಿಯ ಬೂಟಾಟಿಕೆಯೆನ್ನುವುದೂ ಸಲ್ಲದು.

ನಮ್ಮಲ್ಲಿ ಇದನ್ನು ಕೇಳಿದವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಮಾತನಾಡುತ್ತಾರೆ. ದೊಡ್ಡ ಕಂಪನಿ ಕೊಟ್ಟಿತಲ್ಲ, ಅದೇ ದೊಡ್ಡದು ಎಂದು ಕೈಮುಗಿಯುವವರು ಕೆಲವರು. ಹೆಸರಿಗಾಗಿ ಕೊಟ್ಟದ್ದು ದಾನವೇ ಅಲ್ಲ ಎಂದು ಮುಖ ತಿರುಗಿಸುವವರು ಕೆಲವರು. ಎರಡನೆಯವರ ಮಾತಿನಲ್ಲಿ ಒಂದು ಉದಾತ್ತತೆಯೇನೋ ಇದೆ. ಬಲಗೈ ಕೊಟ್ಟದ್ದನ್ನು ಎಡಗೈ ಅರಿಯಬಾರದೆಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಆದರೆ ಕನ್ನಡನಾಡಿನ ಚರಿತ್ರೆ ಆ ಮಾತಿನ ಪ್ರಕಾರ ನಡೆದಿಲ್ಲ. ಹೆಸರು ಬೇಡವೆಂದು ನಮ್ಮ ಹಿರಿಯ ದಾನಿಗಳು ಹೇಳಿದ್ದರೆ ನಮ್ಮ ಇತಿಹಾಸದ ಮುಕ್ಕಾಲು ಪಾಲು ನಮಗೆ ತಿಳಿಯುತ್ತಲೇ ಇರಲಿಲ್ಲ.

ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯದು. ಅದನ್ನು ತೆರೆದು ನೋಡಿ. ಅರಳಗುಪ್ಪೆ, ತುರುವೇಕೆರೆ ಮೊದಲಾದ ಊರುಗಳಲ್ಲಿ ಗಂಗ, ನೊಳಂಬ, ಹೊಯ್ಸಳರ ಕಾಲದ ಗುಡಿಗಳನ್ನು ಕಂಡವರಿಗೆ ಆ ಸಂಪುಟ ತಮ್ಮ ಮನೆಯ ಕಡತದಂತೆಯೇ ತೋರುತ್ತದೆ. ಪುಟಪುಟದಲ್ಲಿಯೂ ದಾನ, ಪುಟಪುಟದಲ್ಲಿಯೂ ಹೆಸರು. ದೊರೆಯ ಬಿರುದಾವಳಿ, ದಂಡನಾಯಕನ ವಂಶ, ಸೆಟ್ಟಿಯ ಹೊಗಳಿಕೆ. ಅರಳಗುಪ್ಪೆಯ ಚೆನ್ನಕೇಶವ ಗುಡಿಯಲ್ಲಿ ಶಿಲ್ಪಿ ಹೊನ್ನೋಜ ಕೂಡ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆ. ಕೀರ್ತಿಯ ಆಸೆಯನ್ನು ನಮ್ಮವರು ಮುಚ್ಚಿಡಲಿಲ್ಲ, ಕಲ್ಲಿನಲ್ಲಿ ಕೆತ್ತಿಸಿದರು.

ಆದರೆ ಶಾಸನ ಹೊಗಳಿಕೆಯಲ್ಲಿಗೆ ನಿಲ್ಲುವುದಿಲ್ಲ. ಜಾಹೀರಾತಿಗೂ ಶಾಸನಕ್ಕೂ ಇರುವ ವ್ಯತ್ಯಾಸ ಅಲ್ಲಿಯೇ ಇದೆ. ಹೊಗಳಿಕೆ ಮುಗಿದೊಡನೆ ಭಾಷೆ ಬದಲಾಗುತ್ತದೆ. ಕವಿ ಹಿಂದೆ ಸರಿದು ಶಾನುಭೋಗ ಮುಂದೆ ಬರುತ್ತಾನೆ. ಕೊಟ್ಟದ್ದೇನು? ಗದ್ದೆ ಎಷ್ಟು, ಬೆದ್ದಲೆ ಎಷ್ಟು, ಯಾವ ಅಳತೆಯ ಗಳೆಯಲ್ಲಿ ಅಳೆದದ್ದು? ಅದರ ಚತುಸ್ಸೀಮೆ ಯಾವುದು, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಮರ? ಯಾವ ಕೆಲಸಕ್ಕೆ ಕೊಟ್ಟದ್ದು, ನಂದಾದೀವಿಗೆಗೋ, ಜೀರ್ಣೋದ್ಧಾರಕ್ಕೋ? ಯಾರ ಕೈಗೆ ಕೊಟ್ಟದ್ದು, ಸ್ಥಾನಿಕನಿಗೋ, ಊರ ಮಹಾಜನರಿಗೋ? ಎಷ್ಟು ಕಾಲಕ್ಕೆ ಕೊಟ್ಟದ್ದು? ಚಂದ್ರಸೂರ್ಯರಿರುವ ತನಕ. ಕೊನೆಯಲ್ಲಿ ಕೆಡಿಸಿದವನಿಗೆ ಶಾಪ. ತಾನು ಕೊಟ್ಟುದೇ ಆಗಲಿ ಪರರು ಕೊಟ್ಟುದೇ ಆಗಲಿ, ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಎಚ್ಚರಿಕೆ. ಅನೇಕ ಶಾಸನಗಳಲ್ಲಿ ಬರುವ ಒಂದು ಶ್ಲೋಕದ ತಾತ್ಪರ್ಯವಂತೂ ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ಕೊಡುವುದು ಮತ್ತು ಕೊಟ್ಟದ್ದನ್ನು ಕಾಯುವುದು ಇವೆರಡನ್ನೂ ತೂಗಿ ನೋಡಿ, ಕಾಯುವುದೇ ಮಿಗಿಲೆಂದು ಅದು ಸಾರುತ್ತದೆ.

ಈ ಮಾತು ಬರಿಯ ನೀತಿಯಾಗಿ ಉಳಿಯಲಿಲ್ಲವೆಂಬುದಕ್ಕೆ ನಮ್ಮ ಕೆರೆಗಳೇ ಸಾಕ್ಷಿ. ಕೆರೆಯನ್ನು ಕಟ್ಟಿಸಿದವನಿಗೆ ಭೂಮಿ ಕೊಡುವುದುಂಟು, ಅದನ್ನು ಕಟ್ಟುಗೊಡಗೆಯೆನ್ನುತ್ತಿದ್ದರು. ಅದಲ್ಲದೆ ಕೆರೆಯ ಕೆಲಸಕ್ಕೆ, ಮುಖ್ಯವಾಗಿ ಅದು ಹಾಳಾಗದಂತೆ ನೋಡಿಕೊಳ್ಳುವುದಕ್ಕೆ, ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಇನ್ನೊಂದು. ಅದಕ್ಕೆ ಬಿತ್ತುವಟ್ಟವೆಂದು ಹೆಸರು. ಹೂಳೆತ್ತಿ ಏರಿಗೆ ಮಣ್ಣು ಹೊರುವ ಬಂಡಿಗೆ, ಬಂಡಿಯ ಕೋಣಗಳಿಗೆ, ಅದನ್ನು ಹೊಡೆಯುವವನ ಜೀವನಕ್ಕೆ ಪ್ರತ್ಯೇಕವಾದ ಏರ್ಪಾಡು ಮಾಡಿದ ಶಾಸನಗಳೂ ಉಂಟು. ಕೆರೆ ಕಟ್ಟಿಸಿದ ದಿನ ಮೆರವಣಿಗೆಯಾಗುತ್ತದೆ. ಹೂಳೆತ್ತಿದ ದಿನ ಯಾರೂ ವಾದ್ಯ ಬಾರಿಸುವುದಿಲ್ಲ. ಆದರೂ ಕೆರೆ ಬದುಕುವುದು ಹೂಳೆತ್ತುವುದರಿಂದ. ಇದನ್ನರಿತ ಹಿರಿಯರು ಕೀರ್ತಿಯಿಲ್ಲದ ಕೆಲಸಕ್ಕೂ ಹಣವನ್ನು ಕಟ್ಟಿಟ್ಟರು.

ಈಗ ಈ ಅಳತೆಗೋಲನ್ನು ಹಿಡಿದು ಕಡಲಿನ ಕಡೆಗೆ ನೋಡೋಣ. ಅಳತೆಯ ಪ್ರಶ್ನೆಯಲ್ಲಿ ಬ್ಲಾಂಪ್ಯಾಂ ಕಂಪನಿಯ ಮಾತು ಶಾಸನದ ಮಾತಿನಂತೆಯೇ ಇದೆ: ಇಷ್ಟು ಗಡಿಯಾರ, ಒಂದೊಂದಕ್ಕೆ ಇಷ್ಟು ಹಣ. ಲೆಕ್ಕವನ್ನು ಯಾರು ಬೇಕಾದರೂ ಕೂಡಿ ನೋಡಬಹುದು. ಗಡಿಯಾರದ ಬೆಲೆ ಆ ಸಾವಿರ ಯೂರೋವಿನ ಹತ್ತಾರು ಪಾಲು ಎಂಬುದನ್ನೂ ಅದೇ ಲೆಕ್ಕ ಹೇಳಿಬಿಡುತ್ತದೆ. ಆದರೆ ‘ನಾವು ಕಡಲನ್ನು ಪ್ರೀತಿಸುತ್ತೇವೆ’, ‘ಲಾಭದ ಒಂದು ಭಾಗವನ್ನು ಕೊಡುತ್ತೇವೆ’ ಎಂಬಂಥ ಒಕ್ಕಣೆಯನ್ನು ನಾವು ಹೆಚ್ಚಾಗಿ ಕಾಣುತ್ತೇವೆ. ಒಂದು ಭಾಗವೆಂದರೆ ಎಷ್ಟು? ಗಳೆಯ ಅಳತೆಯಿಲ್ಲದ ದತ್ತಿಯನ್ನು ನಮ್ಮ ಊರ ಮಹಾಜನರು ಒಪ್ಪುತ್ತಿದ್ದರೆಂದು ನನಗೆ ತೋರುವುದಿಲ್ಲ.

ಇನ್ನು ಪಾಲನೆಯ ಪ್ರಶ್ನೆ. ಇದಕ್ಕೆ ನಮ್ಮಂತೆಯೇ ತೆಂಗನ್ನು ನಂಬಿದ ಇನ್ನೊಂದು ನಾಡಿಗೆ ಹೋಗಬೇಕು. ಲಕ್ಷದ್ವೀಪದಲ್ಲಿ ೩೬ ದ್ವೀಪಗಳು, ಜನವಸತಿಯುಳ್ಳವು ೧೦. ಎಲ್ಲ ಕೂಡಿದರೂ ನೆಲ ಸುಮಾರು ೩೨ ಚದರ ಕಿಲೋಮೀಟರು. ಅಲ್ಲಿಯ ಮುಖ್ಯ ಬೆಳೆ ತೆಂಗು. ಕನ್ನಡನಾಡಿಗೂ ಆ ದ್ವೀಪಗಳಿಗೂ ಹಳೆಯ ನಂಟುಂಟು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ೧೭೮೭ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದವು. ೧೭೯೯ರ ಅನಂತರ ಕೆನರಾ ಜಿಲ್ಲೆಗೆ ಸೇರಿ, ೧೯೫೬ರವರೆಗೂ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. ಆ ದ್ವೀಪದವರು ಹಾಯಿಯ ಓಡಗಳಲ್ಲಿ ನಾರು, ಕೊಬ್ಬರಿಗಳನ್ನು ತುಂಬಿಕೊಂಡು ಮಂಗಳೂರಿನ ದಕ್ಕೆಗೆ ಬಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ನಾವು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿಯನ್ನು ಒಣಗಿಸಿ ಉಂಡೆ ಕೊಬ್ಬರಿ ಮಾಡುವವರು, ಅವರು ಕಾಯನ್ನು ಒಡೆದು ಬಿಸಿಲಿಗೆ ಹಾಕುವವರು. ಕಸುಬಿನ ಬಗೆ ಬೇರೆ, ಬದುಕಿನ ಆಸರೆ ಒಂದೇ ಮರ.

ಆ ಮರ ನಿಂತಿರುವ ನೆಲವೇ ಹವಳದ್ದು. ಹವಳದ ಹುಳು ಬಹು ಸಣ್ಣ ಜೀವಿ. ಕಡಲ ನೀರಿನಿಂದ ಸುಣ್ಣವನ್ನು ಹೀರಿ ತನ್ನ ಗೂಡನ್ನು ಕಟ್ಟುತ್ತದೆ. ಸತ್ತವುಗಳ ಗೂಡಿನ ಮೇಲೆ ಬದುಕಿರುವವು ಕಟ್ಟುತ್ತ ಹೋಗಿ ದಿಬ್ಬವಾಗುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಮಾಡುತ್ತದೆ. ಬಿಸಿಲಿನಲ್ಲಿ ಆಹಾರವನ್ನು ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುವುದು ಅದೇ. ನೀರು ಮಿತಿಮೀರಿ ಬಿಸಿಯಾದರೆ ಈ ಒಕ್ಕಲುತನ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಅಲೆಯ ಹೊಡೆತವನ್ನು ತಡೆದು ದ್ವೀಪವನ್ನೂ ತೋಟವನ್ನೂ ಬಾವಿಯ ಸಿಹಿನೀರನ್ನೂ ಕಾಯುವ ಗೋಡೆ ಈ ದಿಬ್ಬವೇ. ೧೯೯೮, ೨೦೧೦, ೨೦೧೬, ಮತ್ತೆ ೨೦೨೪ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿತು.

ಮಿಷನ್ ಬ್ಲೂ ಸಂಸ್ಥೆ ೨೦೧೩ರಲ್ಲಿಯೇ, ಗಡಿಯಾರದ ಕಂಪನಿಯ ಬೆಂಬಲ ಬರುವುದಕ್ಕೂ ಮೊದಲು, ಅಂಡಮಾನ್ ಮತ್ತು ಲಕ್ಷದ್ವೀಪಗಳನ್ನು ಭರವಸೆಯ ತಾಣಗಳೆಂದು ಹೆಸರಿಸಿತು. ಅದು ಗೌರವದ ಮಾತು. ಜಗತ್ತಿನ ನಕ್ಷೆಯಲ್ಲಿ ಆ ದ್ವೀಪಗಳ ಕಡೆಗೆ ಬೊಟ್ಟುಮಾಡಿ ತೋರಿಸಿದ ಮಾತು. ಆದರೆ ಹೆಸರಿಟ್ಟ ಮಾತ್ರಕ್ಕೆ ಕಾನೂನು ಹುಟ್ಟುವುದಿಲ್ಲ, ಕಾವಲುಗಾರನ ನೇಮಕವಾಗುವುದಿಲ್ಲ. ಅದೆಲ್ಲ ಸರಕಾರದ ಮತ್ತು ಅಲ್ಲಿಯ ಜನರ ಕೈಯಲ್ಲಿದೆ. ಶಾಸನದ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರಶಸ್ತಿಯ ಭಾಗ. ಚತುಸ್ಸೀಮೆಯ ಭಾಗ ಇನ್ನೂ ಬರೆಯಬೇಕಾಗಿದೆ.

ಪಾಲನೆಯೆಂದರೆ ಹೇಗಿರುತ್ತದೆಂಬುದಕ್ಕೆ ನಮ್ಮ ಮೈಸೂರೇ ಒಂದು ಉದಾಹರಣೆಯನ್ನು ಕೊಟ್ಟಿದೆ. ೧೯೯೬ರಲ್ಲಿ ಅಲ್ಲಿ ಸ್ಥಾಪನೆಯಾದ ನೇಚರ್ ಕನ್ಸರ್ವೇಶನ್ ಫೌಂಡೇಷನ್ ಎಂಬ ಧರ್ಮಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತ ನೀರಿನಲ್ಲಿ ಮುಳುಗಿ, ಬದುಕಿರುವ ಹವಳ ಎಷ್ಟೆಂದು ವರ್ಷ ವರ್ಷವೂ ಎಣಿಸುತ್ತ ಬಂದಿದ್ದಾರೆ. ೧೯೯೮ರಲ್ಲಿ ತಳದ ಶೇಕಡ ೩೭ರಷ್ಟನ್ನು ಹೊದ್ದಿದ್ದ ಜೀವಂತ ಹವಳ ೨೦೨೨ರ ವೇಳೆಗೆ ಶೇಕಡ ೨೦ರ ಆಸುಪಾಸಿಗೆ ಇಳಿದಿದೆಯೆಂಬುದು ಅವರ ಲೆಕ್ಕ. ಇಪ್ಪತ್ತನಾಲ್ಕು ವರ್ಷಗಳ ಎಣಿಕೆಯಲ್ಲಿ ಕಣ್ಸೆಳೆಯುವ ಚಿತ್ರವಿಲ್ಲ, ಗೆದ್ದೆವೆಂಬ ಘೋಷಣೆಯೂ ಇಲ್ಲ. ಆದರೆ ಈ ಎಣಿಕೆಯಿಲ್ಲದೆ ರೋಗವೇನೆಂಬುದೇ ತಿಳಿಯದು. ಬಿಳಿಚಿದ ಮೇಲೆ ಎಲ್ಲಿ ಬೇಗ ಚೇತರಿಸಿತು, ಎಲ್ಲಿ ಚೇತರಿಸಲಿಲ್ಲ ಎಂಬುದು ತಿಳಿಯದು. ಕೆರೆಯ ಹೂಳೆತ್ತುವ ಬಂಡಿಯೆಂದರೆ ಇದೇ. ಕಡಲಿಗೆ ಬೇಕಾದದ್ದು ಇಂಥ ಬಂಡಿಗೆ ಕಟ್ಟಿಟ್ಟ ಬಿತ್ತುವಟ್ಟ. ಒಂದು ಋತುವಿನ ಜಾಹೀರಾತಿನೊಡನೆ ಬಂದು ಅದರೊಡನೆಯೇ ಹೋಗುವ ಹಣದಿಂದ ಇಪ್ಪತ್ತನಾಲ್ಕು ವರ್ಷಗಳ ಎಣಿಕೆ ಸಾಧ್ಯವಿಲ್ಲ.

ಮೂರನೆಯ ಪ್ರಶ್ನೆ ಕೊಡುವ ಕೈಯದು. ಒಂದು ಕೈಯಿಂದ ಕೆಡಿಸುತ್ತ ಇನ್ನೊಂದರಿಂದ ಕೊಡುವುದನ್ನು ಒಪ್ಪಬಹುದೆ? ಇದಕ್ಕೆ ಅಮೆರಿಕದ ಒಡವೆಯ ಕಂಪನಿ ಟಿಫನಿಯ ನಡೆ ಗಮನಾರ್ಹ. ಅದರ ಪ್ರತಿಷ್ಠಾನ ೨೦೦೦ದಲ್ಲಿ ಸ್ಥಾಪನೆಯಾಗಿ ಹವಳದ ದಿಬ್ಬಗಳ ರಕ್ಷಣೆಗೂ ಧನಸಹಾಯ ಮಾಡುತ್ತ ಬಂದಿತು. ಆ ದಶಕದ ಆರಂಭದಲ್ಲಿಯೇ ಕಂಪನಿ ತನ್ನ ಅಂಗಡಿಗಳಲ್ಲಿ ಹವಳದ ಒಡವೆಗಳ ಮಾರಾಟವನ್ನು ನಿಲ್ಲಿಸಿತು. ೨೦೦೮ರಲ್ಲಿ ಸೀವೆಬ್ ಎಂಬ ಸಂಸ್ಥೆ ಹವಳವನ್ನು ತೊಡಬೇಡಿರೆಂದು ಪ್ರಚಾರಕ್ಕಿಳಿದಾಗ ಅದರ ಜೊತೆಗೂ ನಿಂತಿತು. ಹಣ ಕೊಟ್ಟದ್ದಕ್ಕಿಂತ ಲಾಭವನ್ನು ಬಿಟ್ಟದ್ದು ದೊಡ್ಡದೆಂದು ನಾನು ತಿಳಿಯುತ್ತೇನೆ. ನಮ್ಮ ಹೆಂಗಸರು ತಾಳಿಯ ಸರದಲ್ಲಿ ಪೋಣಿಸುವ ಕೆಂಪು ಹವಳ ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ್ದು. ಲಕ್ಷದ್ವೀಪದ ದಿಬ್ಬವನ್ನು ಕಟ್ಟುವ ಹವಳ ಬೇರೆ ಜಾತಿಯದು, ಅದನ್ನು ೨೦೦೧ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಯಷ್ಟೇ ಬಿಗಿಯಾಗಿ ಕಾಯುತ್ತಿದೆ. ಆದರೆ ಎರಡೂ ಬಹಳ ನಿಧಾನವಾಗಿ ಬೆಳೆಯುವಂಥವು. ಕಿತ್ತಷ್ಟು ಬೇಗ ಹುಟ್ಟುವಂಥವಲ್ಲ.

ದುಬಾರಿ ಗಡಿಯಾರದ ಹಣ ಕನ್ನಡದ ಮನೆಯ ಬಾಗಿಲಿಗೂ ಬಂದಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ರೋಲೆಕ್ಸ್ ಕಂಪನಿ ತನ್ನ ಆಯ್‌ಸ್ಟರ್ ಗಡಿಯಾರದ ಐವತ್ತನೆಯ ವರ್ಷದ ಸ್ಮಾರಕವಾಗಿ ೧೯೭೬ರಲ್ಲಿ ಪ್ರಶಸ್ತಿಗಳನ್ನು ಸ್ಥಾಪಿಸಿತು. ೨೦೧೯ರಲ್ಲಿ ಅದನ್ನು ಪಡೆದವರಲ್ಲಿ ಬೆಂಗಳೂರಿನ ಡಾ. ಕೃತಿ ಕಾರಂತರು ಒಬ್ಬರು. ‘ಕಡಲತೀರದ ಭಾರ್ಗವ’ ಎಂದೇ ನಾವು ಕರೆಯುವ ಶಿವರಾಮ ಕಾರಂತರ ಮೊಮ್ಮಗಳು. ಅವರ ಕೆಲಸ ಕಡಲಿನದಲ್ಲ, ಕಾಡಿನಂಚಿನದು. ಬಂಡೀಪುರ, ನಾಗರಹೊಳೆಗಳ ಸುತ್ತಿನ ಹಳ್ಳಿಗಳಲ್ಲಿ ಆನೆ ಬೆಳೆಯನ್ನು ತುಳಿದರೆ, ಚಿರತೆ ದನವನ್ನು ಕೊಂದರೆ, ರೈತ ಒಂದು ದೂರವಾಣಿ ಕರೆ ಮಾಡುತ್ತಾನೆ; ‘ವೈಲ್ಡ್ ಸೇವೆ’ಯ ಕಾರ್ಯಕರ್ತರು ಬಂದು, ಸರಕಾರದ ಪರಿಹಾರಕ್ಕೆ ಬೇಕಾದ ಅರ್ಜಿಯನ್ನು ಬರೆದು ಕೊಡುತ್ತಾರೆ. ೨೦೧೫ರಲ್ಲಿ ಆರಂಭವಾದ ಕೆಲಸವಿದು. ಅರ್ಜಿ ಬರೆಯುವುದು ಎಷ್ಟು ಸಣ್ಣ ಸಂಗತಿ! ಆದರೆ ಕಾಡುಪ್ರಾಣಿಯ ಮೇಲೆ ರೈತನಿಗೆ ಹುಟ್ಟುವ ದ್ವೇಷ ಆ ಅರ್ಜಿಯಲ್ಲಿ ತುಸುವಾದರೂ ಕರಗುತ್ತದೆ. ಪಾಲನೆಯ ಕೆಲಸಕ್ಕೆ, ಅದು ನಡೆಯುತ್ತಿರುವಾಗಲೇ, ಬೆಡಗಿನ ಹಣ ಬಂದರೆ ಅದು ಸಾರ್ಥಕವಾಗುತ್ತದೆ ಎಂಬುದಕ್ಕೆ ಇದನ್ನು ನಿದರ್ಶನವಾಗಿ ಹೇಳುತ್ತಿದ್ದೇನೆ.

ನಮ್ಮ ದೇಶದಲ್ಲಂತೂ ಕಂಪನಿಗಳು ಕೊಡುವುದು ಈಗ ಬರಿಯ ಔದಾರ್ಯದ ಮಾತಲ್ಲ. ೨೦೧೩ರ ಕಂಪನಿಗಳ ಕಾಯ್ದೆಯ ೧೩೫ನೆಯ ಪ್ರಕರಣದ ಪ್ರಕಾರ, ನಿಗದಿಯಾದ ಗಾತ್ರವನ್ನು ಮೀರಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ ೨ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು; ೨೦೧೪ರ ಏ‌ಪ್ರಿಲ್ಲಿನಿಂದ ಇದು ಜಾರಿಯಲ್ಲಿದೆ. ಪರಿಸರದ ರಕ್ಷಣೆಯೂ ಆ ಕೆಲಸಗಳ ಪಟ್ಟಿಯಲ್ಲಿ ಸೇರಿದೆ. ಆದುದರಿಂದ ಕೊಡುವ ಕೈಗಳು ಇಂದು ಜಿನೀವಾದಲ್ಲಿ ಮಾತ್ರವಿಲ್ಲ. ನಮ್ಮ ತಾಲ್ಲೂಕುಗಳಿಗೂ ಬರುತ್ತಿವೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಯಾರೋ ಕೊಟ್ಟ ನೀರು ಸೋಸುವ ಯಂತ್ರವನ್ನು ನಾನು ನೋಡಿದ್ದೇನೆ. ಅದರ ಮೇಲಿನ ಹೆಸರಿನ ಫಲಕ ಥಳಥಳಿಸುತ್ತಿದೆ. ಯಂತ್ರ ಕೆಟ್ಟು ಎರಡು ವರ್ಷವಾಯಿತು. ಸೋಸುವ ಸಾಮಗ್ರಿಯನ್ನು ಬದಲಾಯಿಸುವ ಖರ್ಚನ್ನು ಯಾರು ಕೊಡಬೇಕೆಂದು ಯಾರೂ ಬರೆದಿಡಲಿಲ್ಲ. ಮಕ್ಕಳು ಮೊದಲಿನಂತೆಯೇ ಮನೆಯಿಂದ ನೀರು ತರುತ್ತಾರೆ. ಕಟ್ಟುಗೊಡಗೆಯುಂಟು, ಬಿತ್ತುವಟ್ಟವಿಲ್ಲ.

ಆದುದರಿಂದ ಶ್ರೋತೃಗಳಲ್ಲಿ ನನ್ನ ಅರಿಕೆಯಿಷ್ಟೆ. ದೊಡ್ಡ ಹೆಸರಿನ ಕಂಪನಿಯೊಂದು ಕಡಲಿಗಾಗಲಿ, ಕಾಡಿಗಾಗಲಿ, ನಿಮ್ಮ ಊರ ಕೆರೆಗಾಗಲಿ ಕೊಟ್ಟೆನೆಂದಾಗ ಕೈಮುಗಿಯುವುದಕ್ಕೂ ಮುನ್ನ, ಮೂಗುಮುರಿಯುವುದಕ್ಕೂ ಮುನ್ನ, ಶಾಸನದ ಶಾನುಭೋಗನಂತೆ ಕೇಳಿರಿ. ಕೊಟ್ಟದ್ದು ಎಷ್ಟು? ಯಾವ ಎಲ್ಲೆಯೊಳಗಿನ ಯಾವ ಕೆಲಸಕ್ಕೆ? ಎಷ್ಟು ವರ್ಷಕ್ಕೆ? ಯಾರ ಕೈಗೆ, ಲೆಕ್ಕ ಒಪ್ಪಿಸುವವರು ಯಾರು? ಕೊಟ್ಟವನು ತನ್ನ ಮನೆಯಲ್ಲಿ ಬಿಟ್ಟದ್ದೇನು? ಇವಕ್ಕೆ ಉತ್ತರ ಬಂದರೆ ಅವನು ತನ್ನ ಹೆಸರನ್ನು ಎಷ್ಟು ದೊಡ್ಡ ಅಕ್ಷರದಲ್ಲಾದರೂ ಕೆತ್ತಿಸಿಕೊಳ್ಳಲಿ. ನಮ್ಮ ದೊರೆಗಳು ಕೆತ್ತಿಸಿಕೊಳ್ಳಲಿಲ್ಲವೆ? ಹೆಸರಿನ ಕೆಳಗೆ ಇನ್ನೊಂದು ಸಾಲಿರಲಿ, ಇದನ್ನು ಕಾಯುವವರು ಯಾರು, ಅವರ ಖರ್ಚಿಗೆ ಬಿಟ್ಟದ್ದೇನು ಎಂದು. ಕಡಲಿಗೆ ಏರಿಯಿಲ್ಲ, ತೂಬಿಲ್ಲ, ಚತುಸ್ಸೀಮೆಯೂ ಇಲ್ಲ. ಕೆರೆಯನ್ನು ಕಾಯಲು ಊರೊಂದು ಸಾಕಿತ್ತು. ಕಡಲನ್ನು ಕಾಯಲು ಎಲ್ಲ ಊರುಗಳೂ ಬೇಕು. ಸುವರ್ಣಮುಖಿಯ, ಶಿಂಷೆಯ ದಂಡೆಯ ಊರುಗಳು ಕೂಡ.